ಹಿಂದೆ ಬೇರೆ ಹೆಸರಿತ್ತೇ?

ಕಾರ್ಖಾನೆಯೊಂದರಲ್ಲಿ ಹೊಸ ಕೆಲಸ ಸಿಕ್ಕಿತೆಂದು ಅಮ್ಮನಿಗೆ ಫೋನ್ ಮಾಡಿ ಹೇಳಿದ ದಿನವೇ ಕಂಪನಿಯಿಂದ ಇನ್ನೊಂದು ಮೇಲ್ ಬಂತು. ನೇಮಕಾತಿ ಪತ್ರ ಕೈಗೆ ಸಿಗುವ ಮೊದಲು ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಆಗಬೇಕು, ಅದನ್ನು ಬೆಂಗಳೂರಿನ ಏಜೆನ್ಸಿಯೊಂದು ಮಾಡುತ್ತದೆ, ಈ ಲಿಂಕ್ ಒತ್ತಿ ವಿವರ ತುಂಬಿ ಎಂದಿತ್ತು. ಶಿವಮೊಗ್ಗದ ರವೀಂದ್ರನಗರದ ನನ್ನ ಬಾಡಿಗೆ ಕೋಣೆಯಲ್ಲಿ ಕೂತು ತುಂಬತೊಡಗಿದೆ. ಹೆಸರು, ಅಪ್ಪನ ಹೆಸರು, ಓದಿದ ಶಾಲೆ, ಕೆಲಸ ಮಾಡಿದ ಜಾಗ, ಕಾಯಂ ವಿಳಾಸ. ಸಲೀಸಾಗಿಯೇ ಹೋಗುತ್ತಿತ್ತು. ಅಷ್ಟರಲ್ಲಿ ಒಂದು ಕಾಲಂ ಬಂತು: ‘ಹಿಂದೆ ಬೇರೆ ಹೆಸರಿತ್ತೇ? ಇದ್ದರೆ ಬರೆಯಿರಿ.’

ಇತ್ತು. ನಾನು ಹುಟ್ಟಿದಾಗ ಹೆಣ್ಣು ಎಂದು ಬರೆದುಕೊಂಡರು, ಹೆಣ್ಣಿನ ಹೆಸರಿಟ್ಟರು. ಆ ಹೆಸರಿನಲ್ಲೇ ಭದ್ರಾವತಿಯಲ್ಲಿ ಶಾಲೆಗೆ ಹೋದೆ, ಹೆಣ್ಣುಮಕ್ಕಳಿಗೇ ಮೀಸಲಾದ ಪಾಲಿಟೆಕ್ನಿಕ್ಕೊಂದರಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದೆ. ನಾನು ಗಂಡು ಎಂಬುದು ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ಅದನ್ನು ಬಾಯಿ ಬಿಟ್ಟು ಹೇಳಲು, ಹೇಳಿದ ಹಾಗೆಯೇ ಬದುಕಲು ವರ್ಷಗಳು ಹಿಡಿದವು. ಡಾಕ್ಟರ ಬಳಿ ಹೋದದ್ದು, ಜಿಲ್ಲಾಧಿಕಾರಿ ಕಚೇರಿಯಿಂದ ಗುರುತಿನ ಪ್ರಮಾಣಪತ್ರ ತಂದದ್ದು, ಆಧಾರ್, ಪ್ಯಾನ್, ಬ್ಯಾಂಕಿನಲ್ಲಿ ಹೆಸರು ಬದಲಿಸಿದ್ದು ಎಲ್ಲ ಮುಗಿದಿತ್ತು. ಅಂಕಪಟ್ಟಿ ಮಾತ್ರ ಉಳಿದಿತ್ತು. ತಿದ್ದುಪಡಿಗೆ ಅರ್ಜಿ ಹಾಕಿದ್ದೆ, ಬಂದಿರಲಿಲ್ಲ. ಬಂದಿದ್ದರೂ ಪೂರ್ತಿ ಪರಿಹಾರ ಸಿಗುತ್ತಿರಲಿಲ್ಲ. ಹೆಸರನ್ನು ತಿದ್ದಿ ಕೊಡಬಹುದು, ಆದರೆ ಅಂಕಪಟ್ಟಿಯ ನೆತ್ತಿಯ ಮೇಲೆ ‘ಮಹಿಳಾ ಪಾಲಿಟೆಕ್ನಿಕ್’ ಎಂದು ಅಚ್ಚಾಗಿರುವುದನ್ನು ಯಾವ ಕಚೇರಿಯವರೂ ತಿದ್ದಿ ಕೊಡುವುದಿಲ್ಲ. ಗಡ್ಡ ಬಿಟ್ಟ ಗಂಡಸೊಬ್ಬ ಆ ಕಾಗದ ಮುಂದಿಟ್ಟರೆ ಯಾರೇ ಆದರೂ ಎರಡನೇ ಸಲ ಓದುತ್ತಾರೆ.

ರವೀಂದ್ರನಗರದಲ್ಲಿ ನನ್ನ ಹಿಂದಿನದು ಯಾರಿಗೂ ಗೊತ್ತಿರಲಿಲ್ಲ. ಮನೆ ಮಾಲೀಕರಿಗೆ ನಾನು ಮೇಲಿನ ಕೋಣೆಯ ಬ್ಯಾಚುಲರ್, ಬೆಳಿಗ್ಗೆ ನೀರಿನ ಮೋಟಾರ್ ಕೈಕೊಟ್ಟರೆ ನೋಡಿಕೊಡುವವನು. ಎದುರು ಮನೆಯ ಮೇಷ್ಟ್ರಿಗೆ ನಾನು ಅವರ ಜೊತೆ ಕ್ರಿಕೆಟ್ ಮಾತಾಡುವವನು. ಇವರಿಂದ ಮುಚ್ಚಿಟ್ಟಿದ್ದೆ ಎನ್ನಲಾರೆ. ಹೇಳುವ ಅಗತ್ಯವೇ ಬಿದ್ದಿರಲಿಲ್ಲ. ಮೇಷ್ಟ್ರೂ ತಮ್ಮ ಆಪರೇಷನ್ನುಗಳ ಬಗ್ಗೆ ನನಗೆ ಹೇಳಿಲ್ಲ.

ಆ ಕಾಲಮ್ಮಿನಲ್ಲಿ ಯೋಚಿಸಿ ಯೋಚಿಸಿ ಹೀಗೆ ಬರೆದೆ: ‘ಇತ್ತು. ಕೆಲವು ದಾಖಲೆಗಳು ಹಳೆಯ ಹೆಸರಿನಲ್ಲಿವೆ. ಇದು ಖಾಸಗಿ ವಿಷಯ. ನಿಮ್ಮಲ್ಲಿ ಅಧಿಕಾರವಿರುವ ಒಬ್ಬರಿಗೆ ವಿವರಿಸುತ್ತೇನೆ. ಬೇರೆ ಯಾರನ್ನೂ ಕೇಳುವ ಮೊದಲು ದಯವಿಟ್ಟು ನನಗೆ ಫೋನ್ ಮಾಡಿ.’ ಮುಂದಿನ ಪುಟದಲ್ಲಿ ಅಂಕಪಟ್ಟಿ ಹಾಕದೆ ಇದ್ದರೆ ಅರ್ಜಿ ಮುಂದಕ್ಕೇ ಹೋಗುತ್ತಿರಲಿಲ್ಲ. ಹಾಕಿದೆ. ಬರೆದದ್ದರ ಫೋಟೋ ತೆಗೆದಿಟ್ಟುಕೊಂಡೆ. ಅಂಥ ಅಭ್ಯಾಸ ನನಗೆ ಕಚೇರಿಗಳಿಗೆ ಅಲೆದೇ ಬಂದದ್ದು.

ಯಾರೂ ಫೋನ್ ಮಾಡಲಿಲ್ಲ.

ಆಗ ನಾನಿನ್ನೂ ದುರ್ಗಿಗುಡಿಯ ಒಂದು ಅಂಗಡಿಯಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ರಿಪೇರಿ ಮಾಡುತ್ತಿದ್ದೆ. ಅಡಿಕೆ ಮಂಡಿಯ ದೊಡ್ಡ ತೂಕದ ಯಂತ್ರದಿಂದ ಹಿಡಿದು ತರಕಾರಿಯವರ ಪುಟ್ಟ ತಕ್ಕಡಿಯವರೆಗೆ ಎಲ್ಲ ಅಲ್ಲಿಗೆ ಬರುತ್ತಿದ್ದವು. ಡಿಪ್ಲೊಮಾ ಮುಗಿಸಿ ಹಳೆಯ ಹೆಸರಿನಲ್ಲೇ ಅಲ್ಲಿ ಸೇರಿದ್ದೆ. ಹೆಸರು ಬದಲಾದದ್ದು, ದನಿ ಒಡೆದದ್ದು ಎಲ್ಲ ಅದೇ ಬೆಂಚಿನ ಮುಂದೆ ಕೂತಿದ್ದಾಗಲೇ. ಅಂಗಡಿ ಮಾಲೀಕರು ಶುರುವಿನಲ್ಲಿ ಕೆಲವು ದಿನ ನನ್ನನ್ನು ಏನೆಂದು ಕರೆಯುವುದೆಂದು ತಿಳಿಯದೆ ‘ಹೋಯ್’ ಎನ್ನುತ್ತಿದ್ದರು. ಆಮೇಲೆ ಒಂದು ದಿನ ಹೊಸ ಹೆಸರು ಅವರ ಬಾಯಿಗೆ ಹತ್ತಿತು. ಅಷ್ಟೇ. ಅಂಗಡಿ ಚಿಕ್ಕದಾಗುತ್ತ ಬಂದಿತ್ತು, ನನಗೆ ಲೋಹ ಕಾಯಿಸುವ ಫರ್ನೆಸ್ಸಿನ ಉಷ್ಣಾಂಶ ಅಳೆಯುವ ಉಪಕರಣಗಳ ಕೆಲಸ ಕಲಿಯುವ ಆಸೆಯಿತ್ತು. ಬೇರೆ ಕಡೆ ನೋಡು ಎಂದು ಅವರೇ ಹೇಳಿದ್ದರು.

ಒಂದು ಮಧ್ಯಾಹ್ನ ಅವರು ಟೀ ತರಿಸಿ ನನ್ನ ಬೆಂಚಿನ ಪಕ್ಕ ಸ್ಟೂಲ್ ಎಳೆದುಕೊಂಡು ಕೂತರು.

‘ಬೆಂಗಳೂರಿಂದ ಒಂದು ಹುಡುಗಿ ಫೋನ್ ಮಾಡಿತ್ತು ಮಾರಾಯ. ನಿನ್ನ ಹೆಸರು ಹೇಳಿ, ಇವರು ನಿಮ್ಮಲ್ಲಿ ಕೆಲಸ ಮಾಡ್ತಾರಾ ಅಂತು. ಹೌದು ಅಂದೆ. ಆಮೇಲೆ ಹಳೇ ಹೆಸರು ಹೇಳಿ, ಇವರು ಅಂತು. ಹೌದು ಅಂದೆ. ಹಂಗಾದ್ರೆ ಇಬ್ರಾ ಅಂತು.’

‘ಏನು ಹೇಳಿದ್ರಿ?’

‘ಒಬ್ರೇ ಅಂದೆ. ಕೆಲಸ ಚೆನ್ನಾಗಿ ಮಾಡ್ತಾರೆ, ಬಿಟ್ಟು ಹೋದ್ರೆ ನನಗೇ ಕಷ್ಟ ಅಂದೆ. ಜೆಂಡರ್ ಏನು ಸಾರ್ ಅಂತ ಕೇಳ್ತು. ಅದನ್ನ ಅವರನ್ನೇ ಕೇಳಮ್ಮ, ನಾನು ಅದರ ರೆಕಾರ್ಡ್ ಇಟ್ಕೊಂಡಿಲ್ಲ ಅಂದು ಇಟ್ಟುಬಿಟ್ಟೆ. ತಪ್ಪಾಯ್ತಾ?’

‘ತಪ್ಪಾಗ್ಲಿಲ್ಲ.’

‘ನಿನಗೇನಾದ್ರೂ ತೊಂದ್ರೆ ಆಗುತ್ತಾ?’

‘ಗೊತ್ತಿಲ್ಲ’ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಆ ಸಂಜೆ ಏಜೆನ್ಸಿಯ ನಂಬರಿಗೆ ಫೋನ್ ಮಾಡಿದೆ. ಒಂದು ಒತ್ತಿ, ಎರಡು ಒತ್ತಿ ಎಂದು ಯಂತ್ರ ಹೇಳುತ್ತ ಹೋಯಿತು. ಮನುಷ್ಯರು ಸಿಗಲಿಲ್ಲ.

ಕೆಲವು ದಿನಗಳಾದ ಮೇಲೆ ಅಮ್ಮನ ಫೋನ್ ಬಂತು. ‘ಮಗಾ, ನೀನು ಇಲ್ಲಿಗೆ ಬರಬೇಕು’ ಎಂದಳು. ಆ ಮಾತು ನನ್ನನ್ನು ಬೆಚ್ಚಿಬೀಳಿಸಿತು. ಯಾಕೆಂದರೆ ನಾನು ಅಲ್ಲಿಗೆ ಹೋಗುತ್ತಿರಲಿಲ್ಲ. ಅಮ್ಮ ಭದ್ರಾವತಿಯಲ್ಲಿ ಕಾರ್ಖಾನೆಯ ಕಡೆಯ ಹಳೆಯ ಬೀದಿಯೊಂದರಲ್ಲಿ ಇರುತ್ತಾಳೆ, ಶಾಲೆಯೊಂದರಲ್ಲಿ ಬಿಸಿಯೂಟ ಬೇಯಿಸುತ್ತಾಳೆ. ಅಪ್ಪ ಗುತ್ತಿಗೆ ಕೆಲಸಗಾರನಾಗಿದ್ದ, ನಾನು ಡಿಪ್ಲೊಮಾದಲ್ಲಿದ್ದಾಗ ತೀರಿಕೊಂಡ. ಆ ಬೀದಿಯಲ್ಲಿ ತಮಿಳರು, ತೆಲುಗರು, ನಾವು ಎಲ್ಲ ಒಂದೇ ನಲ್ಲಿಯ ನೀರು ಹಿಡಿದು ಬೆಳೆದವರು. ಹೆಸರು ಬದಲಿಸಿದ ಮೇಲೆ ನಾನು ಅಲ್ಲಿ ಕಾಲಿಟ್ಟಿರಲಿಲ್ಲ. ಭಾನುವಾರಗಳಂದು ಅಮ್ಮನೇ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬರುತ್ತಿದ್ದಳು. ಮಗಳು ಹೇಗಿದ್ದಾಳೆ ಎಂದು ಬೀದಿಯವರು ಕೇಳಿದರೆ ‘ಚೆನ್ನಾಗಿದೆ, ಕೆಲಸ ಜಾಸ್ತಿ’ ಎನ್ನುತ್ತಿದ್ದಳಂತೆ. ಯಾವಾಗ ಹೇಳಬೇಕೆಂದು ನಾನು ತೀರ್ಮಾನಿಸಬೇಕು, ಅಲ್ಲಿಯವರೆಗೆ ಅವಳು ಸುಳ್ಳೂ ಹೇಳುವುದಿಲ್ಲ, ನಿಜವನ್ನೂ ಒಡೆಯುವುದಿಲ್ಲ ಎಂಬುದು ನಮ್ಮಿಬ್ಬರ ಒಪ್ಪಂದ.

ಮಾರನೇ ದಿನ ರಜೆ ಹಾಕಿ ಹೋದೆ. ಬಸ್‌ಸ್ಟ್ಯಾಂಡಿನಿಂದ ಆಟೋ ಹಿಡಿಯಬಹುದಿತ್ತು, ಮುಖ ಮರೆಸಿಕೊಂಡು ಮನೆ ಬಾಗಿಲಲ್ಲೇ ಇಳಿಯಬಹುದಿತ್ತು. ನಡೆದೇ ಹೋದೆ. ನಲ್ಲಿಯ ಹತ್ತಿರ ಕೊಡ ತೊಳೆಯುತ್ತಿದ್ದ ಇಬ್ಬರು ಮಾತು ನಿಲ್ಲಿಸಿ ನೋಡಿದರು. ಅವರ ಹೆಸರು, ಅವರ ಮಕ್ಕಳ ಹೆಸರು ನನಗೆ ಗೊತ್ತು. ನಾನು ತಲೆಯಾಡಿಸಿದೆ. ಒಬ್ಬರು ತಲೆಯಾಡಿಸಿದರು, ಇನ್ನೊಬ್ಬರು ಕೊಡದೊಳಕ್ಕೆ ನೋಡಿದರು.

ಅಮ್ಮ ನನ್ನನ್ನು ಕೂರಿಸಿ, ಚಪಾತಿ ಮುಂದಿಟ್ಟು, ಆಮೇಲೆ ಹೇಳಿದಳು.

‘ಹೆಲ್ಮೆಟ್ ಕೈಯಲ್ಲಿ ಹಿಡ್ಕೊಂಡು ಒಬ್ಬ ಬಂದ. ಮೊಬೈಲಲ್ಲಿ ನಿನ್ನ ಫೋಟೋ ತೋರಿಸಿ, ಇವರು ಈ ಮನೆಯವರಾ ಅಂದ. ನನ್ನ ಮಗ, ಇಲ್ಲೇ ಬೆಳೆದಿದ್ದು ಅಂದೆ. ಮೊಬೈಲಲ್ಲಿ ಏನೋ ಒತ್ಕೊಂಡ. ಅಷ್ಟಕ್ಕೆ ಹೋಗಿದ್ರೆ ಸರಿಯಿತ್ತು. ಪಕ್ಕದಲ್ಲಿ ಒಬ್ಬರು ಹೇಳ್ಬೇಕಮ್ಮ, ರೂಲ್ಸು ಅಂತ ಪಕ್ಕದ ಮನೆ ಬಾಗಿಲು ಬಡಿದ.’

ಪಕ್ಕದ ಮನೆಯವರು ತಮಿಳು ಅಜ್ಜಿ. ನಾನು ಚಿಕ್ಕವನಿದ್ದಾಗ ಅಮ್ಮ ಕೆಲಸಕ್ಕೆ ಹೋದರೆ ನನಗೆ ಊಟ ಹಾಕುತ್ತಿದ್ದವರು. ಅವರು ಫೋಟೋ ನೋಡಿ, ಈ ಮನೆಯಲ್ಲಿ ಗಂಡು ಮಗನೇ ಇಲ್ಲ, ಇರೋದು ಒಂದೇ ಹೆಣ್ಣು ಎಂದರಂತೆ. ಯಾರೋ ಮೋಸಗಾರ ಅಮ್ಮನ ವಿಳಾಸ ಕೊಟ್ಟು ಸಾಲ ಎತ್ತುತ್ತಿದ್ದಾನೆ ಎಂದು ಅವರಿಗೆ ದಿಗಿಲಾಗಿ ಜೋರಾಗಿಯೇ ಹೇಳಿದರಂತೆ. ಎದುರು ಮನೆಯವರು ಹೊರಗೆ ಬಂದರು. ಆತ ಮೊಬೈಲ್ ನೋಡಿಕೊಂಡು ನನ್ನ ಹಳೆಯ ಹೆಸರು ಓದಿ, ‘ಈ ಹೆಸರಾ?’ ಎಂದ. ಹೌದು ಅದೇ ಹುಡುಗಿ ಎಂದು ಮೂರ್ನಾಲ್ಕು ಜನ ಒಟ್ಟಿಗೇ ಅಂದರು. ಹಾಗಾದರೆ ಈ ಫೋಟೋದಲ್ಲಿರುವವರು ಯಾರು ಎಂದು ಆತ ಬೀದಿಗೇ ಕೇಳಿದ.

‘ಎಲ್ಲರೂ ನನ್ನ ಮುಖ ನೋಡಿದ್ರು’ ಎಂದಳು ಅಮ್ಮ. ‘ಪೊಲೀಸ್ ಕಂಪ್ಲೇಂಟ್ ಕೊಡಿ ಅಂತ ಒಬ್ರು ಅಂತಿದ್ರು. ಸುಮ್ನಿದ್ರೆ ನೀನು ಕಳ್ಳ ಆಗ್ತೀಯ. ಅದಕ್ಕೆ, ಇಬ್ರೂ ಒಬ್ರೇ, ಮೊದಲು ಮಗಳು ಅಂದ್ಕೊಂಡಿದ್ವಿ, ಅವನು ಮಗ ಅಂತ ಬೀದಿಯಲ್ಲಿ ನಿಂತು ಹೇಳಿದೆ. ನೀನು ಹೇಳ್ಬೇಕಾಗಿದ್ದನ್ನ ನಾನು ಹೇಳಿಬಿಟ್ಟೆ ಮಗಾ.’

ಅವಳ ಕೈ ಹಿಡಿದುಕೊಂಡೆ. ಅಲ್ಲಿಯವರೆಗೆ ಏಜೆನ್ಸಿಯ ಮೇಲೆ ನನಗೆ ಇದ್ದದ್ದು ಕಿರಿಕಿರಿ. ಆಗ ಸಿಟ್ಟು ಬಂತು. ನನ್ನ ಬಾಯಿಂದ ಬರಬೇಕಿದ್ದ ಮಾತನ್ನು ನನ್ನ ತಾಯಿಯ ಬಾಯಿಂದ ಬೀದಿಯಲ್ಲಿ ಹೇಳಿಸಿದ್ದರು.

ನಮ್ಮ ಭಾಷೆಯಲ್ಲಿ ಒಂದು ಸಂಗತಿಯಿದೆ. ‘ಬರ್ತೀನಿ’, ‘ಹೋಗ್ತೀನಿ’ ಎಂದು ನನ್ನ ಬಗ್ಗೆ ನಾನು ಹೇಳಿಕೊಳ್ಳುವಾಗ ಅದರಲ್ಲಿ ಗಂಡೂ ಇಲ್ಲ, ಹೆಣ್ಣೂ ಇಲ್ಲ. ನನ್ನನ್ನು ಎತ್ತಿ ಆಡಿಸಿದವರು ನನ್ನ ಬಗ್ಗೆ ಹೇಳುವಾಗ ಮಾತ್ರ ‘ಬರ್ತಾರೆ’ ಎಂದು ಜಾರಿಕೊಳ್ಳಲಾಗದು, ಬರ್ತಾನೋ ಬರ್ತಾಳೋ ಎಂದು ತೀರ್ಮಾನಿಸಲೇಬೇಕು. ಆ ಬೀದಿಯವರಿಗೆ ಯೋಚಿಸಿ ತೀರ್ಮಾನಿಸಲು ನಾನು ಸಮಯ ಕೊಡಬೇಕೆಂದಿದ್ದೆ. ಒಬ್ಬೊಬ್ಬರಿಗೇ, ಅವರವರ ಮನೆಯಲ್ಲಿ ಕೂತು. ಅದು ಆಗಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿಯೇ ಬಾಗಿಲಿಗೆ ಬಂದು ನಿಂತರು. ಒಳಗೆ ಬರಲೋ ಬೇಡವೋ ಎಂಬಂತೆ ಚೌಕಟ್ಟು ಹಿಡಿದುಕೊಂಡಿದ್ದರು.

‘ಕಣ್ಣು’ ಎಂದರು, ಚಿಕ್ಕಂದಿನಲ್ಲಿ ಮುದ್ದಿನಿಂದ ಕರೆಯುತ್ತಿದ್ದ ಹಾಗೇ. ‘ನಾನು ಯಾರೋ ಕಳ್ಳ ಅಂದ್ಕೊಂಡೆ. ನಿನಗೆ ಕೆಟ್ಟದು ಮಾಡಕ್ಕೆ ಹೇಳಿಲ್ಲ.’

‘ಗೊತ್ತು ಅಜ್ಜಿ. ಬನ್ನಿ, ಕೂತ್ಕೊಳ್ಳಿ.’

ಅವರು ಬಂದು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ‘ನಂಗೆ ಇದೆಲ್ಲ ಅರ್ಥ ಆಗಲ್ಲ’ ಎಂದರು. ಆಮೇಲೆ, ‘ಊಟ ಆಯ್ತಾ?’ ಎಂದರು. ಅರ್ಥವಾಗುವುದು ಆಮೇಲಿನ ಮಾತು ಎಂದು ನನಗೂ ಅನ್ನಿಸಿತು.

ಅಲ್ಲಿದ್ದಾಗಲೇ ಏಜೆನ್ಸಿಯ ವರದಿ ಮೊಬೈಲಿಗೆ ಬಂತು. ಕೆಂಪು ಬಣ್ಣದಲ್ಲಿ ‘ಗುರುತಿನಲ್ಲಿ ವ್ಯತ್ಯಾಸ’ ಎಂದಿತ್ತು. ಅಭ್ಯರ್ಥಿ ಈ ವಿಳಾಸದಲ್ಲಿ ಇದ್ದುದನ್ನು ನೆರೆಯವರು ದೃಢಪಡಿಸಿಲ್ಲ, ಶೈಕ್ಷಣಿಕ ದಾಖಲೆಗಳು ಬೇರೆ ಹೆಸರಿನ ಮಹಿಳೆಯವು, ಅಭ್ಯರ್ಥಿ ಇನ್ನೊಬ್ಬರ ದಾಖಲೆ ಬಳಸಿರುವ ಸಂಭವವಿದೆ. ನನ್ನ ಅಂಕಪಟ್ಟಿಯನ್ನು ನಾನೇ ಕದ್ದಿದ್ದೇನೆ ಎಂದು ಬರೆದಿದ್ದರು. ಅದಕ್ಕಿಂತ ಹೆಚ್ಚು ಎದೆಗೆ ತಾಗಿದ್ದು ಅದನ್ನು ಕಳಿಸಿದ್ದ ರೀತಿ. ಮೇಲಿನ ತಲೆಬರಹದಲ್ಲೇ ನನ್ನ ಎರಡೂ ಹೆಸರುಗಳಿದ್ದವು. ಕಂಪನಿಯ ಎಚ್‌ಆರ್ ಮ್ಯಾನೇಜರಿಗೆ, ನನ್ನ ಇಂಟರ್‌ವ್ಯೂ ಮಾಡಿದ ಸೆಕ್ಷನ್ ಮುಖ್ಯಸ್ಥರಿಗೆ, ಸೆಕ್ಯುರಿಟಿ ಅಧಿಕಾರಿಗೆ ಒಟ್ಟಿಗೇ ಹೋಗಿತ್ತು. ಉತ್ತರಿಸಲು ಕೆಲವೇ ದಿನಗಳ ಗಡುವು.

ಓದಿ ಅಮ್ಮನಿಗೆ ಹೇಳಿದೆ. ಅವಳು ತಟ್ಟೆ ಎತ್ತಿಕೊಂಡು, ‘ಬಿಟ್ಟುಬಿಡು ಅಂತ ನಾನು ಹೇಳಲ್ಲ’ ಎಂದಳು.

‘ಬಿಡಲ್ಲ.’

‘ಅಂಗಡಿ ಕೆಲಸ ಇದ್ದೇ ಇದೆ ಅಂತಾನೂ ಹೇಳಲ್ಲ.’

‘ಹೇಳ್ಬೇಡ’ ಎಂದೆ. ಇಬ್ಬರಿಗೂ ಸ್ವಲ್ಪ ನಗು ಬಂತು.

ಬಂದಿದ್ದ ಮನುಷ್ಯ ಅಮ್ಮನ ಬಳಿ ತನ್ನ ನಂಬರ್ ಬಿಟ್ಟು ಹೋಗಿದ್ದ. ಫೋನ್ ಮಾಡಿದೆ. ಮಲವಗೊಪ್ಪದ ಕಡೆ ಒಂದು ವಿಳಾಸ ನೋಡಲು ಬಂದಿದ್ದೇನೆ, ರಸ್ತೆ ಪಕ್ಕದ ಟೀ ಅಂಗಡಿಯಲ್ಲಿ ಸಿಗುತ್ತೇನೆ ಎಂದ. ಶಿವಮೊಗ್ಗಕ್ಕೆ ಹಿಂದಿರುಗುವ ದಾರಿಯಲ್ಲೇ ಇಳಿದುಕೊಂಡೆ. ಜಗಳಕ್ಕೆ ಸಿದ್ಧನಾಗಿಯೇ ಹೋಗಿದ್ದೆ. ಆತ ನಡುವಯಸ್ಸಿನವನು, ತಲೆ ನರೆತಿತ್ತು, ನನ್ನನ್ನು ಕಂಡದ್ದೇ ಎದ್ದು ನಿಂತ.

‘ನಾನು ಯಾರಿಗೂ ಏನೂ ಹೇಳ್ಲಿಲ್ಲ ಸಾರ್. ಬರೀ ಕೇಳಿದೆ.’

‘ಒಂದು ಫೋಟೋ ತೋರಿಸಿ ಎರಡು ಹೆಸರು ಕೇಳಿದ್ರಿ. ಅಲ್ಲಿಗೆ ಹೇಳಿದ ಹಾಗೇ ಆಯ್ತಲ್ಲ.’

ಆತ ಗ್ಲಾಸು ತಿರುಗಿಸುತ್ತ ಯೋಚಿಸಿದ. ‘ಆ್ಯಪಲ್ಲಿ ಹಾಗೇ ಬರುತ್ತೆ. ಎರಡು ಹೆಸರಿದ್ರೆ ಎರಡೂ ಕೇಳು ಅಂತ. ನಿಮ್ಮ ತಾಯಿ ಹೇಳಿದ್ದನ್ನ ನಾನು ಬರ್ದಿದ್ದೆ ಸಾರ್, ಇಬ್ರೂ ಒಬ್ರೇ ಅಂತ. ಅದು ಮೇಲಕ್ಕೆ ಹೋಗಲ್ಲ. ನೆರೆಯವರು ಹೌದಂದ್ರಾ, ಇಲ್ಲಾಂದ್ರಾ, ಅಷ್ಟೇ ಹೋಗೋದು.’

‘ನಾನು ಮೊದಲು ಫೋನ್ ಮಾಡಿ ಅಂತ ಬರ್ದಿದ್ದೆ. ಅದು ನಿಮಗೆ ಬಂತಾ?’

‘ಇಲ್ಲ. ನಮಗೆ ಫೋಟೋ, ಹೆಸರು, ಅಡ್ರೆಸ್ ಬಿಟ್ಟು ಏನೂ ಬರಲ್ಲ.’

ನನ್ನ ಸಿಟ್ಟಿಗೆ ಅವನು ಸಾಲುವುದಿಲ್ಲ ಅನ್ನಿಸಿತು. ಅವನ ಮೇಲಿನವರ ನಂಬರ್ ಕೇಳಿದೆ. ಹಿಂದೆಮುಂದೆ ನೋಡಿ ಕೊಟ್ಟ.

‘ನನ್ನಿಂದ ನಿಮಗೆ ತೊಂದ್ರೆ ಆಯ್ತಾ ಸಾರ್?’

‘ಆಗಿದೆ’ ಎಂದೆ. ಪರವಾಗಿಲ್ಲ ಎನ್ನಲು ನನಗೆ ಮನಸ್ಸು ಬರಲಿಲ್ಲ. ‘ಇನ್ನು ಮುಂದೆ ಯಾರದಾದ್ರೂ ಎರಡು ಹೆಸರು ಬಂದ್ರೆ, ಬೀದಿಗೆ ಹೋಗೋ ಮೊದಲು ಅವರಿಗೇ ಒಂದು ಫೋನ್ ಮಾಡಿ.’ ಆಗಲಿ ಎಂದ. ಮಾಡುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ.

ಏಜೆನ್ಸಿಯ ಮೇಲಿನವರು ಫೋನಿನಲ್ಲಿ ಬಹಳ ವಿನಯದಿಂದ ಮಾತಾಡಿದರು. ಸಿಸ್ಟಮ್ ಹಾಗೆ ಇದೆ, ಕ್ಲೈಂಟ್ ಹೇಳಿದರೆ ಮಾತ್ರ ವರದಿ ಬದಲಿಸಬಹುದು ಎಂದರು. ಅಂದರೆ ಕಂಪನಿಗೇ ಹೋಗಬೇಕು. ಗಡುವು ಮುಗಿಯುವ ಮೊದಲೇ ಹೋದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಜಿಲ್ಲಾಧಿಕಾರಿ ಕಚೇರಿಯ ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು, ಕೈಗಾರಿಕಾ ಪ್ರದೇಶದಲ್ಲಿರುವ ಅದರ ಗೇಟಿನಲ್ಲಿ ನಿಂತು, ಎಚ್‌ಆರ್ ಮ್ಯಾನೇಜರನ್ನು ಒಬ್ಬರನ್ನೇ ನೋಡಬೇಕು ಎಂದೆ. ಅಪಾಯಿಂಟ್‌ಮೆಂಟ್ ಇಲ್ಲ ಎಂದರು. ಕಾಯುತ್ತೇನೆ ಎಂದೆ. ಊಟದ ಹೊತ್ತು ಮೀರಿದ ಮೇಲೆ ಕರೆದರು.

ಅವರು ದಾವಣಗೆರೆ ಕಡೆಯವರು, ನನಗಿಂತ ಒಂದೆರಡು ವರ್ಷ ದೊಡ್ಡವರಿರಬಹುದು. ಕ್ಯಾಬಿನ್ನಿನ ಬಾಗಿಲು ಹಾಕಿ, ಮೆತ್ತಗೆ ಮಾತು ಶುರು ಮಾಡಿದರು.

‘ನೀವು ಮೊದಲೇ ಹೇಳಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ.’

ನಾನು ಮೊಬೈಲ್ ತೆಗೆದು ಆ ಕಾಲಮ್ಮಿನಲ್ಲಿ ಬರೆದದ್ದರ ಫೋಟೋ ತೋರಿಸಿದೆ. ಅವರು ಓದಿದರು. ಮತ್ತೊಮ್ಮೆ ಓದಿದರು.

‘ಇದು ನನ್ನ ತನಕ ಬಂದೇ ಇಲ್ಲ.’

‘ಅದಕ್ಕೇ ನಾನು ಬಂದಿದ್ದೀನಿ ಮೇಡಂ.’

ಪ್ರಮಾಣಪತ್ರ ಮೇಜಿನ ಮೇಲಿಟ್ಟೆ. ಓದಿ ವಾಪಸ್ ಕೊಡಿ, ಜೆರಾಕ್ಸ್ ಬೇಡ ಎಂದೆ. ನಾನು ಟ್ರಾನ್ಸ್ ಪುರುಷ, ಎರಡೂ ಹೆಸರು ನನ್ನವೇ, ಅಂಕಪಟ್ಟಿ ನನ್ನದೇ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಆ ಮಾತುಗಳನ್ನು ಅಪರಿಚಿತರ ಮುಂದೆ ಹೇಳುವುದು ನನಗೆ ಇವತ್ತಿಗೂ ಸುಲಭವಲ್ಲ.

ಅವರು ಓದಿ ಕವರಿನೊಳಗೆ ಹಾಕಿ ನನ್ನ ಕಡೆ ಸರಿಸಿದರು. ‘ಹಾಗಾದ್ರೆ ಸಮಸ್ಯೆ ಇಲ್ಲ. ನಾನು ಒಂದು ವಿವರಣೆ ಬರೆದು ಎಲ್ಲರಿಗೂ ಕಳಿಸ್ತೀನಿ. ನೀವು ಟ್ರಾನ್ಸ್‌ಜೆಂಡರ್, ಅದಕ್ಕೇ ಹೆಸರು ಬೇರೆ ಅಂತ.’

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು.

‘ಬೇಡ ಮೇಡಂ. ನಾನು ಕೇಳೋಕೆ ಬಂದಿದ್ದು ಅದರ ಉಲ್ಟಾ.’

‘ಮತ್ತೆ ಅವರಿಗೆ ಏನು ಹೇಳ್ಲಿ? ಕಳ್ಳತನ ಅಂದ್ಕೊಂಡಿದ್ದಾರೆ.’

‘ದಾಖಲೆ ನೋಡಿದ್ದೀನಿ, ಎಲ್ಲ ಸರಿಯಿದೆ ಅಂತ ಹೇಳಿ. ಅದು ನಿಜ ತಾನೆ? ಏಜೆನ್ಸಿಯವರು ಹೊಸ ವರದಿ ಕೊಡ್ಲಿ. ಓದು ಪರಿಶೀಲಿಸಲಾಗಿದೆ, ವಿಳಾಸ ಪರಿಶೀಲಿಸಲಾಗಿದೆ, ಅಷ್ಟೇ. ಹಳೇ ಹೆಸರು ಬೇಡ, ಕಾಲೇಜಿನ ಹೆಸರೂ ಬೇಡ. ಈಗ ಹೋಗಿರೋ ವರದಿಯನ್ನ ಸೆಕ್ಷನ್ ಮುಖ್ಯಸ್ಥರು, ಸೆಕ್ಯುರಿಟಿ ಅಧಿಕಾರಿ ಇಬ್ಬರ ಹತ್ರಾನೂ ಡಿಲೀಟ್ ಮಾಡಿಸಿ. ಪೂರ್ತಿ ವಿವರ ನಿಮ್ಮ ಒಬ್ಬರ ಫೈಲಲ್ಲಿ ಇರ್ಲಿ, ನೀವು ಹೋದ್ರೆ ನಿಮ್ಮ ಜಾಗಕ್ಕೆ ಬರೋರಿಗೆ.’

‘ಗೊತ್ತಾಗಿದ್ದನ್ನ ವಾಪಸ್ ತಗೊಳ್ಳೋಕೆ ಆಗಲ್ವಲ್ಲ.’

‘ಆಗಲ್ಲ. ಆದ್ರೆ ಇಬ್ಬರಿಗೆ ಗೊತ್ತಿರೋದು ಇಡೀ ಶಾಪ್‌ಫ್ಲೋರಿಗೆ ಹೋಗದ ಹಾಗೆ ಮಾಡೋಕೆ ಆಗುತ್ತೆ.’

ಅವರು ಕುರ್ಚಿಗೆ ಒರಗಿದರು. ‘ಏಜೆನ್ಸಿ ನಮ್ಮ ಪಾಲಿಸಿ ಪ್ರಕಾರವೇ ಮಾಡಿರೋದು. ಬದಲಿಸೋಕೆ ನಾನು ಮೇಲೆ ಕೇಳ್ಬೇಕು.’

‘ಕೇಳಿ. ಕೇಳುವಾಗ ನನ್ನ ಹೆಸರು ಹೇಳ್ದೆ ಕೇಳ್ಬಹುದು.’

ಅವರು ಮೇಜಿನ ಮೇಲೆ ಮುಂದಕ್ಕೆ ಬಾಗಿದರು. ‘ಇಷ್ಟೆಲ್ಲ ಕೇಳಿದ್ರೆ ಆಫರ್ ವಾಪಸ್ ಹೋಗುತ್ತೆ ಅಂತ ಭಯ ಇಲ್ವಾ ನಿಮಗೆ?’

‘ಇದೆ.’

‘ಮತ್ತೆ?’

‘ಇದಕ್ಕೆ ವಾಪಸ್ ತಗೊಂಡ್ರೆ ಕಾನೂನು ನನ್ನ ಕಡೆ ಇದೆ. ಅದನ್ನೂ ಓದಿಕೊಂಡೇ ಬಂದಿದ್ದೀನಿ. ಆದ್ರೆ ನಾನು ಕೇಸ್ ಹಾಕೋಕೆ ಬಂದಿಲ್ಲ ಮೇಡಂ. ಇಲ್ಲಿ ಕೆಲಸ ಮಾಡೋಕೆ ಬಂದಿದ್ದೀನಿ.’

ಅವರು ಪೆನ್ನು ಎತ್ತಿಕೊಂಡು ನಾನು ಹೇಳಿದ್ದನ್ನು ಬರೆದುಕೊಂಡರು. ‘ನೋಡ್ತೀನಿ’ ಎಂದರು.

ಆ ‘ನೋಡ್ತೀನಿ’ಯ ಮೇಲೆ ಒಂದು ತಿಂಗಳಿಗೂ ಹೆಚ್ಚು ಕಾಲ ಕಳೆಯಿತು. ದುರ್ಗಿಗುಡಿಯ ಬೆಂಚಿನಲ್ಲಿ ಕೂತು ತಕ್ಕಡಿ ಬಿಚ್ಚುತ್ತಿದ್ದೆ, ಫೋನ್ ಸದ್ದಾದರೆ ಕೈ ನಿಲ್ಲುತ್ತಿತ್ತು. ಮಾಲೀಕರು ನನ್ನ ಜಾಗಕ್ಕೆ ಬೇರೆಯವರನ್ನು ನೋಡುವುದನ್ನು ನಿಲ್ಲಿಸಿದರು, ಕೇಳಿದರೆ ‘ಅರ್ಜೆಂಟ್ ಏನಿದೆ ಮಾರಾಯ’ ಎಂದರು. ವಾರಕ್ಕೊಮ್ಮೆ ನಾನು ಎಚ್‌ಆರ್ ಮೇಡಮ್ಮಿಗೆ ಒಂದೇ ಸಾಲಿನ ಮೇಲ್ ಕಳಿಸುತ್ತಿದ್ದೆ. ಉತ್ತರ ಬಾರದಿದ್ದರೂ ಮುಂದಿನ ವಾರ ಮತ್ತೆ. ದುಃಖವಾಗಲಿ ಬೇಡಿಕೆಯಾಗಲಿ ಅದರಲ್ಲಿ ಇರಲಿಲ್ಲ, ‘ನನ್ನ ವಿಷಯ ಎಲ್ಲಿಗೆ ಬಂತು ದಯವಿಟ್ಟು ತಿಳಿಸಿ’ ಎಂದಷ್ಟೇ.

ಆ ದಿನಗಳಲ್ಲಿ ಒಂದು ಕೆಲಸ ಮಾಡಿದೆ. ಪ್ರತಿ ಭಾನುವಾರ ನಾನೇ ಭದ್ರಾವತಿಗೆ ಹೋಗತೊಡಗಿದೆ. ಹೇಗೂ ಬಾಗಿಲು ಒಡೆದಿದ್ದರು, ಇನ್ನು ನಾನೇ ಹೋಗಿ ಬರುವುದು ಒಳ್ಳೆಯದು ಎನ್ನಿಸಿತು. ಒಂದೆರಡು ಮನೆಯವರು ಕರೆದು ಕೂರಿಸಿದರು. ಒಬ್ಬರು ಕೇಳಬಾರದ್ದನ್ನು ಕೇಳಿದರು, ಅದು ಡಾಕ್ಟರಿಗೆ ಹೇಳುವ ಮಾತು ಎಂದೆ. ಅಪ್ಪನ ಜೊತೆ ಕೆಲಸ ಮಾಡಿದ್ದ ತೆಲುಗಿನವರೊಬ್ಬರು ಮಾತು ಬಿಟ್ಟರು, ಇವತ್ತಿಗೂ ಆಡುವುದಿಲ್ಲ. ಅದು ನೋವು. ಅಪ್ಪನನ್ನು ಆಸ್ಪತ್ರೆಗೆ ಹೊತ್ತೊಯ್ದವರು ಅವರು.

ಕೊನೆಗೆ ಒಂದು ಬೆಳಿಗ್ಗೆ ಹೊಸ ವರದಿ ಬಂತು. ಹಸಿರು ಬಣ್ಣದಲ್ಲಿ ಕೆಲವೇ ಸಾಲು. ಹೆಸರು ಒಂದೇ, ನನ್ನದು. ಓದು: ಪರಿಶೀಲಿಸಲಾಗಿದೆ. ವಿಳಾಸ: ಪರಿಶೀಲಿಸಲಾಗಿದೆ. ಹಿಂದಿನ ಕೆಲಸ: ಪರಿಶೀಲಿಸಲಾಗಿದೆ. ಅದರ ಜೊತೆಗೆ ಎಚ್‌ಆರ್ ಮೇಡಮ್ಮಿನ ಎರಡು ಮಾತು: ಹಳೆಯ ವರದಿಯನ್ನು ಹಿಂಪಡೆಯಲಾಗಿದೆ, ಒಂದನೇ ತಾರೀಕು ಸೇರಿಕೊಳ್ಳಿ. ಮಾಲೀಕರಿಗೆ ತೋರಿಸಿದೆ. ಕನ್ನಡಕ ಹಾ‌ಕಿಕೊಂಡು ಓದಿ, ‘ಇಷ್ಟು ಬರೆಯೋಕೆ ಇಷ್ಟು ದಿನ ಬೇಕಾಯ್ತಾ?’ ಎಂದರು. ಆಮೇಲೆ ಬೇಕರಿಗೆ ಹೋಗಿ ದಿಲ್‌ಪಸಂದ್ ತಂದರು.

ಸೇರಿದ ದಿನ ಗೇಟಿನಲ್ಲಿ ಸೆಕ್ಯುರಿಟಿ ಅಧಿಕಾರಿ ನನ್ನನ್ನು ತಮ್ಮ ಕೋಣೆಗೆ ಕರೆದರು. ಮಿಲಿಟರಿಯಿಂದ ನಿವೃತ್ತರಾದವರು. ‘ನನಗೊಂದು ಮೇಲ್ ಬಂದಿತ್ತು. ತೆಗೆದುಹಾಕಿದ್ದೀನಿ. ಅದರ ಬಗ್ಗೆ ನನ್ನ ಬಾಯಿಂದ ಯಾವ ಮಾತೂ ಬರಲ್ಲ’ ಎಂದು ಹೇಳಿ, ಗುರುತಿನ ಚೀಟಿ ಕೊಟ್ಟು ಕಳಿಸಿದರು. ಸೆಕ್ಷನ್ ಮುಖ್ಯಸ್ಥರು ಏನೂ ಹೇಳಲಿಲ್ಲ. ಅವರು ತೆಗೆದುಹಾಕಿದರೋ, ಅದಕ್ಕೆ ಮುಂಚೆ ಯಾರಿಗಾದರೂ ತೋರಿಸಿದರೋ ನನಗೆ ತಿಳಿಯದು. ಮೊದಲ ವಾರಗಳಲ್ಲಿ ನಾನು ಹೋದರೆ ಕೆಲವು ಕಡೆ ಮಾತು ನಿಲ್ಲುತ್ತಿತ್ತು. ಹೊಸಬನಿಗೆ ಎಲ್ಲ ಕಡೆಯೂ ಹಾಗೇ ಇರಬಹುದು, ಇಲ್ಲದೆಯೂ ಇರಬಹುದು.

ಒಂದು ದಿನ ಫರ್ನೆಸ್ಸಿನ ಕಂಟ್ರೋಲ್ ಪ್ಯಾನೆಲ್ ಹತ್ತಿರ ನನ್ನ ಜೊತೆ ಕೆಲಸ ಮಾಡುವವನೊಬ್ಬ ಮೆಲ್ಲಗೆ, ‘ನಿಮ್ಮ ಬಗ್ಗೆ ಏನೋ ಹೇಳ್ತಾರೆ, ನಿಜಾನಾ?’ ಎಂದ.

‘ಏನು ಹೇಳ್ತಾರೆ?’

ಅವನು ಪ್ಯಾನೆಲ್ಲಿನ ಗುಂಡಿಯೊಂದನ್ನು ಒರೆಸತೊಡಗಿದ.

‘ಕೆಲಸಕ್ಕೆ ಬೇಕಾದ್ದು ಏನಿದ್ರೂ ಕೇಳಿ, ಹೇಳ್ತೀನಿ’ ಎಂದೆ. ‘ಬೇರೇದು ನಾನಾಗಿ ಹೇಳಿದ ದಿನ ಕೇಳಿಸ್ಕೊಳ್ಳಿ.’

ಅವನು ಹೋದ. ಆಮೇಲೆ ನಾವು ಗೆಳೆಯರೇನೂ ಆಗಲಿಲ್ಲ. ಕೆಲಸ ಒಟ್ಟಿಗೆ ಮಾಡುತ್ತೇವೆ. ಯಾರಿಗೆ ಗೊತ್ತಿದೆ, ಯಾರಿಗೆ ಗೊತ್ತಿಲ್ಲ ಎಂದು ಊಟದ ಮೇಜಿನಲ್ಲಿ ಮುಖ ಮುಖ ನೋಡುತ್ತ ಕೂರುವುದನ್ನು ನಾನು ಬಿಟ್ಟೆ. ಅದು ಆಯಾಸ. ಆಡುವವರು ಆಡಲಿ. ಆ ಹಳೆಯ ವರದಿಯನ್ನು ಕಂಪನಿ ಹಿಂಪಡೆದಿದೆ ಎಂಬುದು ನನಗೆ ಗೊತ್ತು, ಅಷ್ಟು ಸಾಕು.

ಪ್ರೊಬೇಷನ್ ಮುಗಿದ ಮೇಲೆ ಒಂದು ದಿನ ಎಚ್‌ಆರ್ ಮೇಡಂ ಮೆಟ್ಟಿಲ ಹತ್ತಿರ ಸಿಕ್ಕರು. ಮುಖದಲ್ಲಿ ಸಂತೋಷವಿತ್ತು.

‘ಆ ಕಾಲಂ ಬದಲಿಸಿದ್ವಿ ಗೊತ್ತಾ? ಈಗ ಬೇರೆ ಹೆಸರಿದ್ರೆ ಹೌದು ಅಂತ ಒತ್ತಿದ್ರೆ ಸಾಕು, ಸೀದಾ ನನಗೆ ಬರುತ್ತೆ, ನಾನೇ ಮೊದಲು ಫೋನ್ ಮಾಡ್ತೀನಿ. ಮೊನ್ನೆ ಒಂದು ಬಂತು. ನಿಮ್ಮ ಹಾಗೇ. ಅವರು ಯಾವ ಸೆಕ್ಷನ್ನಿಗೆ ಬರ್ತಿದ್ದಾರೆ ಅಂದ್ರೆ...’

‘ಮೇಡಂ, ಅದನ್ನ ನನಗೂ ಹೇಳ್ಬೇಡಿ.’

ಅವರು ಅರ್ಧಕ್ಕೇ ನಿಂತರು. ಕೆನ್ನೆ ಕೆಂಪಾಯಿತು. ‘ಹೌದಲ್ಲ’ ಎಂದರು ಮೆಲ್ಲಗೆ.

‘ನನ್ನ ಬಗ್ಗೆ ಅವರಿಗೆ ಹೇಳ್ಬೇಕು ಅನ್ಸಿದ್ರೆ ಹೇಳಿ, ನನ್ನ ಒಪ್ಪಿಗೆ ಇದೆ. ನಂಬರೂ ಕೊಡಿ. ಫೋನ್ ಮಾಡೋದು ಬಿಡೋದು ಅವರಿಗೆ ಬಿಟ್ಟಿದ್ದು.’

ಅವರು ನಂಬರ್ ಬರೆದುಕೊಂಡರು. ಇದುವರೆಗೆ ಅಂಥ ಫೋನ್ ಬಂದಿಲ್ಲ. ಆಮೇಲೆ ಕಾರ್ಖಾನೆಗೆ ಹಲವು ಹೊಸಬರು ಬಂದಿದ್ದಾರೆ, ಗಂಡಸರು, ಹೆಂಗಸರು. ಅವರು ಹತ್ತಿರ ಹಾದುಹೋದಾಗ, ಇವರಿರಬಹುದೇ ಎಂದು ಮುಖ ನೋಡುವ ಚಪಲ ನನಗೂ ಬರುತ್ತದೆ. ಸುಳ್ಳು ಯಾಕೆ ಹೇಳಲಿ. ಆಗ ಕಣ್ಣು ತಿರುಗಿಸಿ ಫರ್ನೆಸ್ಸಿನ ಮೀಟರ್ ನೋಡುತ್ತೇನೆ.